ಟೇಪ್ ಅಂಟಿಸಿದ ಬಾಗಿಲು

ರಜೆ ಬಂದರೆ ಜನ ಮನೆ ಬಿಟ್ಟು ಹೊರಗೆ ಹೋಗುತ್ತಾರೆ. ನನ್ನ ಗಂಡನಿಗೆ ಮಾತ್ರ ಮನೆಯನ್ನೂ ಜೊತೆಗೆ ಓಡಿಸಿಕೊಂಡು ಹೋಗಬೇಕು ಅನ್ನಿಸಿತು. ಸಿಡ್ನಿಯ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಗಿರಾವೀನ್‌ನವರೊಬ್ಬರು ಮೋಟರ್‌ಹೋಮ್ ಬಾಡಿಗೆಗೆ ತೆಗೆದುಕೊಂಡು ಹದಿನೈದು ದಿನ ಸುತ್ತಿ ಬಂದು ರಾಶಿ ಫೋಟೋ ಸುರಿದಿದ್ದರು. ಗಾಡಿಯೊಳಗೆ ಒಗ್ಗರಣೆ ಹಾಕುವ ಫೋಟೋ, ಗಾಡಿಯ ಪಕ್ಕ ಮಡಚುವ ಕುರ್ಚಿಯಲ್ಲಿ ಕೂತು ಚಹಾ ಕುಡಿಯುವ ಫೋಟೋ, ಗಾಡಿಯ ಹಿಂದೆ ಸೂರ್ಯ ಮುಳುಗುವ ಫೋಟೋ. ಸೂರ್ಯ ನಾವಿರುವ ಕೆಲ್ಲಿವಿಲ್‌ನಲ್ಲೂ ದಿನಾ ಮುಳುಗುತ್ತಾನೆ, ಅದೂ ನಮ್ಮ ಹಿತ್ತಿಲ ಬೇಲಿಯ ಹಿಂದೆಯೇ ಎಂದು ನಾನು ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಆಗಲೇ ಬುಕ್ ಮಾಡಿಯಾಗಿತ್ತು.

ಹೋಗಲು ಒಂದು ಕಾರಣ ಇತ್ತು ಅನ್ನಿ. ಧಾರವಾಡದಿಂದ ಬಂದ ನಮ್ಮ ಅತ್ತೆ ಆರು ತಿಂಗಳಿಂದ ನಮ್ಮ ಮನೆಯಲ್ಲಿದ್ದರು. ಮುಂದಿನ ಆರು ತಿಂಗಳು ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿರುವ ಮಗಳ ಮನೆಯಲ್ಲಿ, ಅಂದರೆ ನನ್ನ ನಾದಿನಿಯ ಮನೆಯಲ್ಲಿ. ಅಣ್ಣ ತಂಗಿ ಸೇರಿ ಹೀಗೆ ಹಂಚಿಕೊಂಡಿದ್ದರು. ಸಿಡ್ನಿಯಿಂದ ಅಲ್ಲಿಗೆ ವಿಮಾನದಲ್ಲಿ ಒಂದೂವರೆ ಗಂಟೆ. ಅದನ್ನು ಐದು ದಿನಕ್ಕೆ ಎಳೆದು, ದಾರಿಯುದ್ದಕ್ಕೂ ಹಳೇ ಕುರಿ ಸಾಹುಕಾರರ ಬಂಗಲೆಗಳನ್ನೂ ಪ್ರಾಣಿಗಳ ಪಾರ್ಕುಗಳನ್ನೂ ತೋರಿಸಿ ತಾಯಿಯನ್ನು ಸಂತೋಷಪಡಿಸುವುದು ಗಂಡನ ಯೋಜನೆ. ಅದರ ಹಿಂದೆ ಇನ್ನೊಂದು ಯೋಜನೆಯೂ ಇತ್ತು. ಟಾರ್ನೀಟ್‌ನ ಸರದಿ ಮುಗಿದ ಮೇಲೆ ಅತ್ತೆ ಮತ್ತೆ ನಮ್ಮಲ್ಲಿಗೇ ಬಂದು ಕಾಯಂ ಇದ್ದುಬಿಡಬೇಕು, ಅದಕ್ಕೆ ಈಗಲೇ ವೀಸಾ ಅರ್ಜಿ ಹಾಕಬೇಕು ಎಂದು ಅವನ ಆಸೆ.

"ನೀ ಹೂಂ ಅಂದ್ರಷ್ಟ ಹಾಕೂಣು," ಎಂದಿದ್ದ. "ಟಾರ್ನೀಟ್ ಮುಟ್ಟೂದ್ರೊಳಗ ಹೇಳು."

ಊಹೂಂ ಅನ್ನುವುದೆಂದು ಕೆಲ್ಲಿವಿಲ್‌ನಲ್ಲೇ ತೀರ್ಮಾನಿಸಿಕೊಂಡು ನಾನು ಗಾಡಿ ಹತ್ತಿದ್ದೆ.

ನನ್ನ ಕಾರಣ ಮಡಿ. ನಾನು ಮೈಸೂರಿನವಳು, ನಮ್ಮ ತಾಯಿಯ ಮನೆಯಲ್ಲಿ ಇದೆಲ್ಲ ಅಷ್ಟಾಗಿ ಇರಲಿಲ್ಲ. ಅತ್ತೆ ಬೆಳಿಗ್ಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ಆಮೇಲೇ ಒಲೆ ಮುಟ್ಟುವವರು. ಅವರು ಬರುತ್ತಾರೆ ಎಂದು ಗೊತ್ತಾದ ವಾರವೇ ಮೊಟ್ಟೆಗಳು ಅಡುಗೆಮನೆ ಬಿಟ್ಟು ಗ್ಯಾರೇಜಿನ ಹಳೇ ಫ್ರಿಜ್ ಸೇರಿದವು. ನನ್ನ ಮಗಳಿಗೆ ಹದಿಮೂರು ವರ್ಷ. ಅವಳ ಗೆಳತಿಯರು ಶನಿವಾರ ಬಂದು ಉಳಿದುಕೊಳ್ಳುವುದು ನಿಂತಿತು. "ಅಜ್ಜಿಗೆ ಸರಿ ಹೋಗಲ್ಲ ಕಣೇ," ಎಂದರೆ ಮುಗಿಯಿತು. ಆಫೀಸಿನವರು ನಿಮ್ಮ ಮನೆಗೆ ಊಟಕ್ಕೆ ಯಾವಾಗ ಕರೀತೀರಿ ಎಂದು ಕೇಳಿದರೆ, ಮದರ್ ಇನ್ ಲಾ ಬಂದಿದ್ದಾರೆ, ಬಹಳ ಸ್ಟ್ರಿಕ್ಟ್ ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಕೇಳಿದವರು ಅಯ್ಯೋ ಪಾಪ ಅನ್ನುತ್ತಿದ್ದರು. ಆ ಅಯ್ಯೋ ಪಾಪ ಕೇಳಲು ನನಗೆ ಹಿತವಾಗಿತ್ತು.

ಮೋಟರ್‌ಹೋಮ್ ತರಲು ಹೋದ ಬೆಳಿಗ್ಗೆ ಅಲ್ಲಿಯ ಮನುಷ್ಯ ನಮ್ಮಿಬ್ಬರನ್ನು ನಿಲ್ಲಿಸಿಕೊಂಡು ಪಾಠ ಶುರು ಮಾಡಿದ. ಅತ್ತೆ ಮತ್ತು ಮಗಳು ಆಫೀಸಿನ ಸೋಫಾದಲ್ಲಿ ಕೂತಿದ್ದರು. ಗ್ಯಾಸ್ ಹೀಗೆ, ನೀರಿನ ಟ್ಯಾಂಕ್ ಹೀಗೆ, ಮೇಜು ಇಳಿಸಿದರೆ ಮಂಚ. ಆಮೇಲೆ ಒಲೆಯಿಂದ ಎರಡು ಮೊಳ ದೂರದಲ್ಲಿದ್ದ ಒಂದು ಕಪಾಟಿನಂಥ ಬಾಗಿಲು ತೆಗೆದ. ಟಾಯ್ಲೆಟ್. ಅಲ್ಲಿಂದ ನಮ್ಮನ್ನು ಗಾಡಿಯ ಹೊರಗೆ ಕರೆದುಕೊಂಡು ಹೋಗಿ, ಪಕ್ಕದ ಸಣ್ಣ ಬಾಗಿಲಿನಿಂದ ಹಿಡಿಕೆಯಿದ್ದ ಒಂದು ಪ್ಲಾಸ್ಟಿಕ್ ಡಬ್ಬಿ ಎಳೆದ. ಎಲ್ಲ ಇದರೊಳಗೆ ಬೀಳುತ್ತದೆ, ಎರಡು ದಿನಕ್ಕೊಮ್ಮೆ, ರಾತ್ರಿ ಗಾಡಿ ನಿಲ್ಲಿಸುವ ಕ್ಯಾರವಾನ್ ಪಾರ್ಕಿನಲ್ಲಿ ಇದಕ್ಕೆಂದೇ ಇರುವ ಗುಂಡಿಗೆ ಸುರಿದು, ತೊಳೆದು, ವಾಪಸು ಸೇರಿಸಿದರೆ ಆಯಿತು ಎಂದ. ಕಾಫಿ ಡಿಕಾಕ್ಷನ್ ಇಳಿಸುವುದು ಹೇಗೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದ.

ಆಗ ನನ್ನ ಗಂಡನ ಮುಖ ನೋಡಬೇಕಿತ್ತು. ಹುಟ್ಟಿದಾಗಿನಿಂದ ಅವನು ಕಕ್ಕಸು ತೊಳೆದವನಲ್ಲ. ಧಾರವಾಡದಲ್ಲಿ ಅದಕ್ಕೆ ಯಾರೋ ಬರುತ್ತಿದ್ದರು, ಕೆಲ್ಲಿವಿಲ್‌ನಲ್ಲಿ ಅದಕ್ಕೆ ನಾನಿದ್ದೆ. ಅವನು ಆ ಡಬ್ಬಿಯಿಂದ ಎರಡು ಹೆಜ್ಜೆ ಹಿಂದೆ ಸರಿದು, ಗಂಟಲು ಸರಿ ಮಾಡಿಕೊಂಡ.

"ಅಡಿಗಿ ಮಾಡೋ ಜಾಗದಾಗ ಇದನ್ನ ಹೆಂಗ ಇಟ್ಟಾರ ನೋಡು," ಎಂದ. "ಅವ್ವಗ ಇದು ನಡಿಯೂದಿಲ್ಲ. ಮಡಿ ಅಂತಾಳ. ನಾವು ಇದನ್ನ ಮುಟ್ಟೂದ ಬ್ಯಾಡ. ಹಾದಿಗುಂಟ ಎಲ್ಲಾ ಕಡೆ ಟಾಯ್ಲೆಟ್ ಅದಾವು."

ನಾನು ಒಂದು ಮಾತು ಎದುರಾಡಲಿಲ್ಲ. ಅತ್ತೆಯ ಮಡಿಯ ಲೆಕ್ಕಕ್ಕೆ ಇನ್ನೊಂದು ಸೇರಿತು ಎಂದು ಒಳಗೊಳಗೇ ಖುಷಿಯಾಯಿತು. ಮನೆಗೆ ಬಂದು ಸಾಮಾನು ತುಂಬುವಾಗ ಅವನು ಪಾರ್ಸಲ್ ಕಟ್ಟುವ ಕಂದು ಬಣ್ಣದ ಟೇಪ್ ತಂದು ಆ ಬಾಗಿಲಿನ ಮೇಲಿಂದ ಕೆಳಗೆ, ಅಡ್ಡ, ಮತ್ತೆ ಅಡ್ಡ ಅಂಟಿಸಿದ. ಬಾಗಿಲ ಮುಂದೆ ಅಕ್ಕಿ ಚೀಲ, ಅದರ ಮೇಲೆ ಜೋಳದ ರೊಟ್ಟಿಯ ಡಬ್ಬಿ. ಮಗಳು ಹುಬ್ಬೇರಿಸಿದಾಗ ಇಂಗ್ಲಿಷಿನಲ್ಲಿ, ನಿಮ್ಮಜ್ಜಿಗೋಸ್ಕರ ಎಂದ. ಅವಳು ಕಣ್ಣು ತಿರುಗಿಸಿ ಇಯರ್‌ಫೋನ್ ಹಾಕಿಕೊಂಡಳು. ಅತ್ತೆ ಒಳಗೆ ದೇವರಿಗೆ ದೀಪ ಹಚ್ಚುತ್ತಿದ್ದರು. ಆಮೇಲೆ ಬಂದು, ಸೀರೆಯ ನೆರಿಗೆ ಹಿಡಿದು ಗಾಡಿ ಹತ್ತಿ, ಆ ಟೇಪನ್ನು ಒಂದು ಸಲ ನೋಡಿ, ಕಿಟಕಿಯ ಪಕ್ಕ ಕೂತರು. ಏನೂ ಕೇಳಲಿಲ್ಲ.

ಮೊದಲ ದಿನ ಗೌಲ್ಬರ್ನ್‌ನಲ್ಲಿ ಸಿಮೆಂಟಿನ ದೈತ್ಯ ಟಗರು. ಅದರ ಕೆಳಗೆ ನಿಂತು ನನ್ನ ಗಂಡ ಹದಿನೈದು ಫೋಟೋ ತೆಗೆದ, ಪ್ರತಿ ಫೋಟೋದಲ್ಲೂ ನನಗೆ ನಗು ಎಂದ. ಟಗರೇ ನಗುತ್ತಿರಲಿಲ್ಲ, ನಾನು ಯಾಕೆ ನಗಲಿ?

ಅಲ್ಲಿಂದ ಮುಂದೆ ಹೈವೇ ಬಿಟ್ಟು ಒಳಗೆ ಹೋದರೆ ಮೊದಲ ಬಂಗಲೆ. ಇಲ್ಲಿ ಅದನ್ನು ಹೋಮ್‌ಸ್ಟೆಡ್ ಎನ್ನುತ್ತಾರೆ. ಹಿಂದೆ ಯಾರೋ ಒಬ್ಬ ಬಂದು, ಕಣ್ಣು ಹಾಯಿಸಿದಷ್ಟು ಜಮೀನಿಗೆ ಬೇಲಿ ಹಾಕಿ, ಕುರಿ ಬಿಟ್ಟು ಸಾಹುಕಾರನಾದ. ಅವನ ಕುರ್ಚಿ, ಅವನ ಕೋಲು, ಅವನ ಹೆಂಡತಿಯ ಹೊಲಿಗೆ ಪೆಟ್ಟಿಗೆ, ಅವನ ಮಕ್ಕಳು ಮಲಗಿದ ಕಬ್ಬಿಣದ ಮಂಚ, ಎಲ್ಲದರ ಮುಂದೆ ಕೆಂಪು ಹಗ್ಗ. ಕೂರುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಖಾಲಿ ಜಮೀನು ಸಿಕ್ಕಿತು ಎಂದು ಗೈಡ್ ಹೇಳಿದ. ಅಲ್ಲಿ ಮೊದಲಿಂದ ಇದ್ದವರ ಬಗ್ಗೆ ಹೊರಬಾಗಿಲ ಹತ್ತಿರ ಒಂದು ಸಣ್ಣ ಹಲಗೆಯಲ್ಲಿ ಎರಡು ಸಾಲು ಇತ್ತು, ಅದರ ಮುಂದೆ ಯಾರೋ ಛತ್ರಿ ಒರಗಿಸಿಟ್ಟಿದ್ದರು. ಹತ್ತಾರು ಜನ ಆ ಹೊಲಿಗೆ ಪೆಟ್ಟಿಗೆಯನ್ನು ಬಗ್ಗಿ ಬಗ್ಗಿ ನೋಡಿದರು. ನಮ್ಮಜ್ಜಿಯ ಹತ್ತಿರ ಇದ್ದದ್ದು ಇದಕ್ಕಿಂತ ಚೆನ್ನಾಗಿತ್ತು, ಅದರಲ್ಲಿ ನಾವು ಸೂಜಿಯ ಜೊತೆ ಹುಣಸೆ ಬೀಜವನ್ನೂ ಇಡುತ್ತಿದ್ದೆವು.

ಅತ್ತೆಗೆ ಇತಿಹಾಸ ಬೇಕಿರಲಿಲ್ಲ. ಗಾಡಿ ಇಳಿದ ಕೂಡಲೇ ಮೊಮ್ಮಗಳ ಕಿವಿಯಲ್ಲಿ ಏನೋ ಕೇಳಿದರು. ಅವಳು "ಕಮ್ ಅಜ್ಜಿ," ಎಂದು ಕೈ ಹಿಡಿದು ಟಾಯ್ಲೆಟ್ ಕಡೆ ನಡೆದಳು. ಟೂರ್ ಮುಗಿದಾಗ ಮತ್ತೆ ಅದೇ. ಹೊರಡುವ ಮುಂಚೆ ಇನ್ನೊಮ್ಮೆ. ಬಂಗಲೆಯ ವರಾಂಡದಲ್ಲಿ ಎಲ್ಲರೂ ಚಹಾ, ಸ್ಕೋನು ಎಂಬ ಸಣ್ಣ ಬನ್ನು, ಜಾಮು ಮುಂದಿಟ್ಟುಕೊಂಡು ಕೂತೆವು.

"ಒಂದು ಕಪ್ ಟೀ ಆದರೂ ಕುಡೀರಿ ಅತ್ತೆ," ಎಂದೆ.

"ಒಲ್ಲೆವಾ," ಎಂದು ತಮ್ಮ ಪರ್ಸಿನಿಂದ ಒಂದು ಲವಂಗ ತೆಗೆದು ಬಾಯಿಗೆ ಹಾಕಿಕೊಂಡರು.

ನೋಡಿ, ಹೊರಗಿನ ಚಹಾ ಕೂಡ ಆಗುವುದಿಲ್ಲ ಎಂದು ನಾನು ಮೂಗು ಮುರಿದೆ. ನೀರಿನ ಬಾಟಲಿ ಕೊಟ್ಟರೂ ತುಟಿ ಒದ್ದೆ ಮಾಡಿಕೊಂಡು ವಾಪಸು ಕೊಟ್ಟರು. ಅದೂ ಮಡಿಯೇ ಇರಬೇಕು. ಬಾಟಲಿ ನಾನು ಮುಟ್ಟಿದ್ದೆನಲ್ಲ.

ಎರಡನೆಯ ದಿನ ಪ್ರಾಣಿಗಳ ಪಾರ್ಕು. ಈ ದೇಶದ ಜನಕ್ಕೆ ಕೋಆಲಾ ಎಂದರೆ ದೇವರು. ಮರದ ಕವಲಿನಲ್ಲಿ ಅದು ಕುಂಡೆ ಊರಿ ನಿದ್ದೆ ಮಾಡುತ್ತಿರುತ್ತದೆ. ಬೆಳಿಗ್ಗೆ ಹೋದರೆ ನಿದ್ದೆ, ಮಧ್ಯಾಹ್ನ ಹೋದರೆ ನಿದ್ದೆ. ಅದರ ಕೆಳಗೆ ಸಾಲು ಹಚ್ಚಿ, ಪಿಸುಮಾತಿನಲ್ಲಿ ಮಾತಾಡುತ್ತ, ಫೋನು ಎತ್ತಿ ಹಿಡಿದು ಜನ ನಿಂತಿದ್ದರು. ನಮ್ಮ ಗಂಡಸರು ಭಾನುವಾರ ಸೋಫಾದ ಮೇಲೆ ಇದೇ ಕೆಲಸ ಮಾಡುತ್ತಾರೆ, ಯಾರೂ ಸಾಲು ಹಚ್ಚುವುದಿಲ್ಲ. ಕಾಂಗರೂಗಳಿಗೆ ಬೆಳಗಿನಿಂದ ನೂರು ಜನ ಕಾಳು ತಿನ್ನಿಸಿ ಅವಕ್ಕೆ ಹೊಟ್ಟೆ ಬಿರಿದಿತ್ತು. ನಾವು ಅಂಗೈ ಚಾಚಿದರೆ ಒಂದು ಕಾಂಗರೂ ಮದುವೆ ಮನೆಯಲ್ಲಿ ಮೂರನೇ ಪಂಕ್ತಿಗೆ ಬಡಿಸಲು ಬಂದವರನ್ನು ನೋಡುವ ಹಾಗೆ ನಮ್ಮನ್ನು ನೋಡಿ ಆ ಕಡೆ ತಿರುಗಿತು. ಎಮು ಮಾತ್ರ ಚುರುಕು. ಗಂಡನ ಕೈಯಿಂದ ಕಾಳಿನ ಪೊಟ್ಟಣವನ್ನೇ ಕಿತ್ತುಕೊಂಡು ಓಡಿತು. ಇಡೀ ಪ್ರವಾಸದಲ್ಲಿ ನಾನು ಮನಸಾರೆ ನಕ್ಕದ್ದು ಆಗೊಮ್ಮೆ.

"ಅವ್ವಾ, ಬಾ, ಕೋಆಲಾ ಜೊತಿ ಒಂದು ಫೋಟೋ," ಎಂದು ಗಂಡ ಕರೆದ.

ಅತ್ತೆ ಟಾಯ್ಲೆಟ್ ಕಟ್ಟಡದ ಎದುರಿನ ಬೆಂಚಿನಲ್ಲಿ ಕೂತಿದ್ದರು. ಆ ಪಾರ್ಕಿನಲ್ಲಿ ನೆರಳಿರುವ ಬೆಂಚು ಬೇಕಾದಷ್ಟಿದ್ದವು, ಅವರು ಬಿಸಿಲಿನದನ್ನೇ ಆರಿಸಿಕೊಂಡಿದ್ದರು. ಎದ್ದು ಬಂದು ಫೋಟೋಗೆ ನಿಂತರು. ಆ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ಕೋಆಲಾ ನಿದ್ದೆಯಲ್ಲಿದೆ, ಅತ್ತೆಯ ತುಟಿ ಬಿಳಿಚಿದೆ, ಕಣ್ಣು ಆ ಬೆಂಚಿನ ಕಡೆಗಿದೆ. ಆಗ ನೋಡಿ, ಎಷ್ಟು ತೋರಿಸಿದರೂ ಇವರಿಗೆ ಒಂದು ನಗುವಿಲ್ಲ ಎಂದುಕೊಂಡೆ.

ಸಂಜೆ ಕ್ಯಾರವಾನ್ ಪಾರ್ಕಿನಲ್ಲಿ ನಮ್ಮ ಪಕ್ಕದ ಗಾಡಿಯವರು ನಿವೃತ್ತರಾದ ಗಂಡ ಹೆಂಡತಿ. ಮನೆ ಮಾರಿ, ಗಾಡಿ ಕೊಂಡು, ಮೂರು ವರ್ಷದಿಂದ ದೇಶ ಸುತ್ತುತ್ತಿದ್ದರಂತೆ. ಆ ಗಂಡ ಶಿಳ್ಳೆ ಹಾಕುತ್ತ ತನ್ನ ಡಬ್ಬಿ ಹಿಡಿದು ಗುಂಡಿಯ ಕಡೆ ಹೋಗುವುದು, ಶಿಳ್ಳೆ ಹಾಕುತ್ತಲೇ ಬರುವುದು ನೋಡಿ ನನ್ನ ಗಂಡ ಮುಖ ಆ ಕಡೆ ತಿರುಗಿಸಿದ. ಅತ್ತೆ ನೋಡುತ್ತಲೇ ಇದ್ದರು. ಅನ್ನ ಸಾರು ಬಡಿಸಿದರೆ ಅನ್ನಕ್ಕೆ ಸಾರು ಬೇಡ ಎಂದರು, ಬರೇ ಚಟ್ನಿಪುಡಿ ಎಣ್ಣೆ ಕಲಸಿ ಎರಡು ತುತ್ತು ತಿಂದರು. ಮಜ್ಜಿಗೆಯೂ ಬೇಡ. ವ್ಯಾನಿನಲ್ಲಿ ಮಾಡಿದ ಅಡುಗೆ ಮಡಿಯಲ್ಲ ಎಂದು ಇರಬೇಕು ಎಂದೆ ಗಂಡನಿಗೆ, ಮೆಲ್ಲಗೆ. ಇಂಥವರನ್ನು ಕಾಯಂ ಮನೆಯಲ್ಲಿ ಇಟ್ಟುಕೊಳ್ಳಲು ನನಗೆ ಆಗುವುದಿಲ್ಲ ಎಂದೂ ಹೇಳಿದೆ.

ಮೂರನೆಯ ದಿನ ಎರಡನೆಯ ಬಂಗಲೆ, ಮರ್ರೆ ನದಿಗೆ ಇನ್ನೂ ಸ್ವಲ್ಪ ದೂರ ಇರುವಾಗ. ಬೆಳಿಗ್ಗೆ ಹೊರಟವರು ಎರಡೂವರೆ ತಾಸು ಎಲ್ಲೂ ನಿಲ್ಲಿಸಿರಲಿಲ್ಲ, ಟೂರ್ ಸಮಯಕ್ಕೆ ಮುಟ್ಟಬೇಕಿತ್ತು. ಇಳಿದರೆ ಕಾರ್ ಪಾರ್ಕಿನ ಟಾಯ್ಲೆಟ್ ಬಾಗಿಲಿಗೆ ಚೀಟಿ. ನೀರಿನ ಪೈಪ್ ಒಡೆದಿದೆ, ದಯವಿಟ್ಟು ಪಕ್ಕದ ಊರಿನದನ್ನು ಬಳಸಿ.

ಮಗಳು ಅದನ್ನು ಓದಿ ಅಜ್ಜಿಯ ಮುಖ ನೋಡಿದಳು. "ಡ್ಯಾಡ್, ಅಜ್ಜಿ ನೀಡ್ಸ್ ಟು ಗೋ," ಎಂದಳು.

"ಅವ್ವಾ, ಒಂದ ತಾಸ ತಡೀತಿಯೇನು?" ಎಂದ ಗಂಡ. "ಟೂರ್ ಬುಕ್ ಆಗೇದ. ಮುಗದಕೂಡ್ಲೆ ಊರಾಗ ಹೋಗೂಣು."

ಅತ್ತೆ ಆಗಲಿ ಎಂದು ತಲೆ ಅಲ್ಲಾಡಿಸಿದರು. ಅವರು ಯಾವತ್ತೂ ಹಾಗೇ, ಏನು ಕೇಳಿದರೂ ತಲೆ ಅಲ್ಲಾಡಿಸುವುದು.

ಗೈಡ್ ಒಬ್ಬ ಬಿಳಿಕೂದಲಿನ ಹೆಂಗಸು. ಹಳೇ ಕಾಲದ ಹಾಗೆ ಕಾಣಲೆಂದು ಉದ್ದ ಲಂಗ, ಬಿಳಿ ಏಪ್ರನ್, ತಲೆಗೆ ಟೋಪಿ. ಕಾಲಲ್ಲಿ ಮಾತ್ರ ಓಡುವವರು ಹಾಕುವ ಶೂ. ಅಡುಗೆಮನೆ, ಮಾಂಸ ತೂಗುಹಾಕುವ ಕೋಣೆ, ಸಾಹುಕಾರ ಪತ್ರ ಬರೆದ ಮೇಜು. ನಾನು ಆಕಳಿಸಿದೆ. ಆಮೇಲೆ ಹಿತ್ತಿಲು. ಹಿತ್ತಿಲಿನ ಮೂಲೆಯಲ್ಲಿ ತಗಡಿನ ಒಂದು ಗೂಡು ತೋರಿಸಿ, ಇದು ಆ ಕಾಲದ ಕಕ್ಕಸು ಎಂದರು. ಮರದ ಹಲಗೆ, ನಡುವೆ ತೂತು, ಮೊಳೆಗೆ ಸಿಕ್ಕಿಸಿದ ಹಳೇ ಪೇಪರಿನ ತುಂಡುಗಳು. ಜೇಡಗಳಿರುತ್ತವೆ ಹುಷಾರು ಎಂದು ಸಾಹುಕಾರ ಹೆಂಡತಿಗೆ ಹೇಳುತ್ತಿದ್ದನಂತೆ. ಎಲ್ಲರೂ ನಕ್ಕರು. ಬಾಗಿಲಿಗೆ ಅಡ್ಡ ಅದೇ ಕೆಂಪು ಹಗ್ಗ, ಒಳಗೆ ಹೋಗಬಾರದು ಎಂಬ ಬೋರ್ಡು. ಕಕ್ಕಸನ್ನೂ ಪೂಜೆಗೆ ಇಟ್ಟಿದ್ದಾರಲ್ಲ ಎಂದು ಗಂಡನ ಕಿವಿಯಲ್ಲಿ ಹೇಳಿ ಉಣ್ಣೆ ಕತ್ತರಿಸುವ ಶೆಡ್ಡಿನ ಕಡೆ ನಡೆದೆ.

ಶೆಡ್ಡಿನಲ್ಲಿ ಕುರಿಯೊಂದನ್ನು ತಂದು ಮಲಗಿಸಿದ್ದರು. ಶುರು ಮಾಡುವ ಮುಂಚೆ ಗೈಡ್ ತಲೆ ಎಣಿಸಿದರು. ಒಬ್ಬರು ಕಡಿಮೆ.

ಎಲ್ಲರೂ ತಿರುಗಿ ನೋಡಿದೆವು. ಹಿತ್ತಿಲಿನ ಆ ತಗಡಿನ ಗೂಡಿನ ಹಗ್ಗ ನೆಲಕ್ಕೆ ಬಿದ್ದಿತ್ತು. ಬಾಗಿಲು ಮುಚ್ಚಿತ್ತು. ಬಾಗಿಲಿನ ಸಂದಿಯಿಂದ ಹಸಿರು ಇಳಕಲ್ ಸೀರೆಯ ಸೆರಗಿನ ತುದಿ ಹೊರಗೆ ಇಣುಕಿತ್ತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸುವುದು ಎಂದರೆ ಏನು ಎಂದು ನನಗೆ ಆವತ್ತು ಗೊತ್ತಾಯಿತು. ಯಾರೋ ಒಬ್ಬರು ಕೆಮ್ಮಿದರು. ಒಬ್ಬ ಮುದುಕ ಕ್ಯಾಮರಾ ಕೆಳಗಿಳಿಸಿ ಕುರಿಯನ್ನು ನೋಡತೊಡಗಿದ. ನನ್ನ ಗಂಡ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಗೈಡ್ ಮಾತ್ರ ಏನೂ ಆಗದವರಂತೆ, ಪರವಾಗಿಲ್ಲ ಬಿಡಿ, ಕಟ್ಟಿದ್ದು ಅದಕ್ಕೇ ತಾನೇ, ನಾನು ಆಮೇಲೆ ನೋಡಿಕೊಳ್ಳುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ ಉಳಿದವರನ್ನು ಶೆಡ್ಡಿನ ಒಳಗೆ ಕರೆದುಕೊಂಡು ಹೋದರು.

ಅತ್ತೆ ಹೊರಗೆ ಬಂದು, ಬಗ್ಗಿ, ಹಗ್ಗವನ್ನು ಎತ್ತಿ ಮೊದಲಿನ ಹಾಗೆ ಕೊಕ್ಕೆಗೆ ಸಿಕ್ಕಿಸಿದರು. ನಾನು ದುಡುದುಡು ಹೋಗಿ ಅವರೆದುರು ನಿಂತೆ.

"ಏನು ಮಾಡಿಬಿಟ್ರಿ ಅತ್ತೆ? ಅದು ಮ್ಯೂಸಿಯಂ," ಎಂದೆ. "ಅಷ್ಟು ಅರ್ಜೆಂಟ್ ಇದ್ರೆ ಗಾಡೀಲಿ ಟಾಯ್ಲೆಟ್ ಇರಲಿಲ್ವಾ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ನನ್ನ ಮುಖವನ್ನೇ ನೋಡಿದರು.

"ಅದು ಕೆಟ್ಟ ಹೋಗೇದಲ್ಲವಾ?" ಎಂದರು.

"ಕೆಟ್ಟಿದೆ ಅಂತ ಯಾರು ಹೇಳಿದ್ರು?"

"ಬಾಗಲಕ್ಕ ಪಟ್ಟಿ ಹಚ್ಚೀರಲ್ಲ. ಕೆಟ್ಟಿರಬೇಕು, ಅದಕ್ಕ ಮುಚ್ಯಾರ ಅಂತ ನಾ ಅನ್ಕೊಂಡೆ."

"ನಿಮಗೆ ಮಡಿ ಅಂತ ಮುಚ್ಚಿದ್ದು. ಅಡುಗೆ ಪಕ್ಕ ಆಗಲ್ಲ ಅಂತ."

"ನಾ ಯಾವಾಗ ಹಂಗಂದೆ?" ಎಂದರು ಅತ್ತೆ. ಸಿಟ್ಟಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದರು. "ಮೂರು ದಿನಾತು, ನಾ ನೀರ ಕುಡಿಯೂದ ಬಿಟ್ಟೇನಿ. ಮ್ಯಾಲಿಂದ ಮ್ಯಾಲೆ ಗಾಡಿ ನಿಲ್ಲಸ್ರಿ ಅಂತ ಹೆಂಗ ಹೇಳಲಿ? ಲವಂಗ ಇಟಗೊಂಡ್ರ ಬಾಯಿ ಒಣಗೂದಿಲ್ಲ."

ನಾನು ಗಂಡನ ಕಡೆ ತಿರುಗಿದೆ. ಅವನು ಕುರಿ ಶೆಡ್ಡಿನ ತಗಡಿನ ಛಾವಣಿ ನೋಡುತ್ತಿದ್ದ. ಮಗಳು ತನ್ನ ಬಾಟಲಿಯ ಮುಚ್ಚಳ ತಿರುಗಿಸಿ ಅಜ್ಜಿಯ ಕೈಗೆ ಕೊಟ್ಟಳು. ಅವರು ಹಿತ್ತಿಲಿನಲ್ಲಿ ನಿಂತು, ಮುಖ ಮೇಲೆತ್ತಿ, ಗಟಗಟ ಪೂರ್ತಿ ಕುಡಿದರು. ಅಷ್ಟು ಹೊತ್ತು ಅವರ ಬಗ್ಗೆ ನಾಚಿಕೆಯಿಂದ ಕುದಿಯುತ್ತಿದ್ದವಳು ನಾನು. ಅವರು ನೀರು ಕುಡಿಯುವುದು ನೋಡಿದಾಗ ಆ ನಾಚಿಕೆ ತಿರುಗಿ ನನ್ನ ಮೇಲೇ ಬಂತು.

ಗಾಡಿಗೆ ಹೋಗಿ ಅಕ್ಕಿ ಚೀಲ ಸರಿಸಿ, ರೊಟ್ಟಿ ಡಬ್ಬಿ ಇಳಿಸಿ ಆ ಟೇಪನ್ನು ನಾನೇ ಕಿತ್ತೆ. ಉಗುರಿನಿಂದ ಬರಲಿಲ್ಲ, ಈಳಿಗೆ ಇರಲಿಲ್ಲ, ಚಾಕುವಿನಿಂದ ಎಬ್ಬಿಸಿದೆ. ಟೇಪಿನ ಜೊತೆ ಬಾಗಿಲಿನ ಬಣ್ಣವೂ ಬಂತು, ಚಿಲಕವೂ ಸಡಿಲವಾಯಿತು. ಒಳಗೆ ಎಲ್ಲ ಹೊಸದರ ಹಾಗೆ, ನಾವು ಒಮ್ಮೆಯೂ ಬಳಸದೆ ಥಳಥಳ ಹೊಳೆಯುತ್ತಿತ್ತು. ಇದನ್ನು ಮುಚ್ಚಿಟ್ಟುಕೊಂಡು ನಾವು ಮೂರು ದಿನ ಒಂದು ಮುದಿಜೀವವನ್ನು ಟಾಯ್ಲೆಟ್ಟಿನಿಂದ ಟಾಯ್ಲೆಟ್ಟಿಗೆ ಹೊತ್ತುಕೊಂಡು ಹೋಗಿ, ಅದಕ್ಕೆ ಪ್ರವಾಸ ಎಂದು ಹೆಸರಿಟ್ಟಿದ್ದೆವು.

ಮಾರನೆಯ ಬೆಳಿಗ್ಗೆ ಕ್ಯಾರವಾನ್ ಪಾರ್ಕು ಬಿಡುವ ಮುಂಚೆ ಡಬ್ಬಿ ಖಾಲಿ ಮಾಡಬೇಕಾಯಿತು. ಗಂಡ ಎರಡು ಜೊತೆ ಗ್ಲೌಸ್ ಹಾಕಿಕೊಂಡು, ಮೂಗಿಗೆ ಕರ್ಚೀಫ್ ಕಟ್ಟಿಕೊಂಡು, ಡಬ್ಬಿಯನ್ನು ಹೊರಗೆ ಎಳೆದ. ಅಷ್ಟೇ. ಅದರ ಹಿಡಿಕೆ ಹಿಡಿದು ನಿಂತವನು ನಿಂತೇ ಇದ್ದ. ಗುಂಡಿ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಅತ್ತೆ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬರುತ್ತಿದ್ದವರು ಅವನನ್ನು ನೋಡಿ ನಿಂತರು.

"ಕೊಡಿಲ್ಲೆ," ಎಂದರು. "ನಿಮ್ಮಪ್ಪ ಎರಡು ವರ್ಷ ಹಾಸಗ್ಯಾಗಿದ್ದಾಗ ದಿನಾ ತಗದೇನಿ. ಅದಕ್ಕೂ ಮೊದಲ ನಿಂದ ತಗದೇನಿ. ಇದೇನು ಹೊಸಾದಲ್ಲ."

ಮಡಿಯ ಸ್ನಾನ ಮಾಡಿ ಬಂದ ಕೈ ಚಾಚಿದ್ದರು. ನಾನು ಓಡಿಹೋಗಿ ಆ ಡಬ್ಬಿಯನ್ನು ಗಂಡನ ಕೈಯಿಂದ ಕಿತ್ತುಕೊಂಡು ಗುಂಡಿಯ ಕಡೆ ನಡೆದೆ. ಭಾರವಿತ್ತು, ವಾಸನೆಯೂ ಇತ್ತು. ಸುರಿದೆ, ನೀರು ಬಿಟ್ಟು ತೊಳೆದೆ, ವಾಪಸು ತಂದು ಸೇರಿಸಿದೆ. ಐದು ನಿಮಿಷದ ಕೆಲಸ. ಗಂಡ ನನ್ನ ಹಿಂದೆಯೇ ಬರುತ್ತ ಸಾರಿ ಸಾರಿ ಅನ್ನುತ್ತಿದ್ದ. ಆ ಸಾರಿಯನ್ನು ನಿನ್ನ ತಾಯಿಗೆ ಹೇಳು ಎಂದೆ. ಆವತ್ತು ಗಾಡಿ ಮರ್ರೆ ನದಿ ದಾಟುವಾಗ, ವೀಸಾ ಅರ್ಜಿ ಹಾಕೋಣ ಎಂದೂ ಹೇಳಿದೆ. ಅವನ ಕಣ್ಣು ಒದ್ದೆಯಾಯಿತು. ನಾನು ಕಿಟಕಿಯ ಹೊರಗೆ ನೋಡುತ್ತ, ನಾನೆಷ್ಟು ಒಳ್ಳೆಯವಳು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಐದನೆಯ ದಿನ ಮಧ್ಯಾಹ್ನ ಟಾರ್ನೀಟ್. ಒಂದೇ ಅಚ್ಚಿನ ಮನೆಗಳು, ಒಂದೇ ಬೂದು ಬಣ್ಣ. ನಮ್ಮ ಗಾಡಿ ತಪ್ಪಿ ಎರಡು ಸಲ ಬೇರೆಯವರ ಮನೆ ಮುಂದೆ ನಿಂತಿತು. ನಾದಿನಿ ಹೋಳಿಗೆ ಮಾಡಿದ್ದಳು. ಅತ್ತೆ ಮಗಳ ಮುಂದೆ ಟಗರು, ಬಂಗಲೆ, ಕಾಂಗರೂ ಎಲ್ಲವನ್ನೂ ವರ್ಣಿಸಿದರು. "ಅಗದೀ ಛಂದ ತೋರಿಸ್ಯಾರವಾ," ಎಂದರು. ತಗಡಿನ ಗೂಡಿನ ವಿಷಯ, ಟೇಪಿನ ವಿಷಯ ಒಂದಕ್ಷರ ಎತ್ತಲಿಲ್ಲ.

ಊಟದ ಕೊನೆಗೆ ಗಂಡ ಸುದ್ದಿ ಹೇಳಿದ. "ಅವ್ವಾ, ಅರ್ಜಿ ಹಾಕತೇವಿ. ಇಲ್ಲೀದು ಆರು ತಿಂಗಳ ಮುಗದ ಮ್ಯಾಲ ನೀ ಕಾಯಂ ನಮ್ಮನಿಯೊಳಗ ಇರತಿ. ಇಕಿನೂ ಹೂಂ ಅಂದಾಳ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ನಕ್ಕೆ. ಅತ್ತೆ ತಟ್ಟೆಯ ಅಂಚಿನಲ್ಲಿದ್ದ ತುಪ್ಪವನ್ನು ಬೆರಳಿನಿಂದ ಒಟ್ಟು ಮಾಡುತ್ತಿದ್ದವರು ತಲೆ ಎತ್ತಿದರು. ಈ ಸಲ ತಲೆ ಅಲ್ಲಾಡಿಸಲಿಲ್ಲ.

"ಮನ್ಯಾಗ ಮತ್ತೇನೇನು ಮುಚ್ಚೀರಿ, ನನ್ನ ಹೆಸರ ಮ್ಯಾಲ?" ಎಂದು ನನ್ನನ್ನು ಕೇಳಿದರು.

ನಾನು ಏನೂ ಇಲ್ಲ ಅತ್ತೆ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಗಳು ತಟ್ಟೆಯಿಂದ ಮುಖ ಎತ್ತದೆ ಹೇಳಿಬಿಟ್ಟಳು, ಇಂಗ್ಲಿಷಿನಲ್ಲಿ, ಒಂದರ ಹಿಂದೆ ಒಂದು. ಗ್ಯಾರೇಜಿನ ಮೊಟ್ಟೆ. ತನ್ನ ಗೆಳತಿಯರು. ಮಮ್ಮಿಯ ಆಫೀಸಿನವರು.

"ಏನಂತಾಳವಾ?" ಎಂದು ಅತ್ತೆ ನನ್ನನ್ನೇ ಕೇಳಿದರು.

ನಾನು ಒಂದೊಂದನ್ನೇ ಕನ್ನಡದಲ್ಲಿ ಹೇಳಬೇಕಾಯಿತು. ಗಂಡ, ನಾದಿನಿ, ನಾದಿನಿಯ ಗಂಡ ಎಲ್ಲರೂ ಕೇಳುತ್ತ ಕೂತಿದ್ದರು. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ತತ್ತಿ ಗ್ಯಾರೇಜಿನ್ಯಾಗ ಇರತಾವಂತ ನನಗ ಬಂದ ದಿನಾನ ಗೊತ್ತಾತು," ಎಂದರು. "ಇಲ್ಲೆ ಹಂಗ ಇಡೂದ ಪದ್ಧತಿ ಏನೋ ಅನ್ಕೊಂಡೆ. ಆ ಹುಡಿಗ್ಯಾರು ಯಾಕ ಬರೂದಿಲ್ಲ ಅಂತ ಕೇಳಬೇಕಂತಿದ್ದೆ. ಇಕಿಗೆ ಗೆಳತ್ಯಾರ ಇಲ್ಲೇನೋ ಪಾಪ ಅಂತ ಸುಮ್ನಾದೆ."

ಅತ್ತೆ ಎದ್ದು ಕೈ ತೊಳೆದು ಬಂದು, ಮಗನ ತಲೆಯ ಮೇಲೆ ಒಂದು ಸಲ ಕೈಯಿಟ್ಟು ಹೇಳಿದರು. "ಆರು ತಿಂಗಳ ಇಲ್ಲೆ ಇರತೇನಿ. ಆಮ್ಯಾಲ ಧಾರವಾಡಕ್ಕ ಟಿಕೀಟ ತಗಸು. ನಿಮ್ಮಲ್ಲೆ ನನ್ನ ಯಾರೂ ಏನೂ ಕೇಳೂದಿಲ್ಲಪಾ."

ಗಂಡ ಏನೇನೋ ಹೇಳಿದ, ನಾದಿನಿ ಅತ್ತಳು. ಅವರು ಮಾತು ಬದಲಿಸಲಿಲ್ಲ. ನಾನು ಒತ್ತಾಯ ಮಾಡಬೇಕಿತ್ತು. ಯಾವ ಬಾಯಿಂದ ಮಾಡಲಿ?

ವಾಪಸು ಬರುವಾಗ ಗಾಡಿಯಲ್ಲಿ ಮೂರೇ ಜನ. ಚಿಲಕ ಸಡಿಲವಾಗಿದ್ದ ಆ ಬಾಗಿಲು ಪ್ರತಿ ತಿರುವಿನಲ್ಲೂ ತೆರೆದುಕೊಂಡು ದಬ್ ಎಂದು ಬಡಿಯುತ್ತಿತ್ತು. ದಾರಿಯಲ್ಲಿ ಅವೇ ಬಂಗಲೆಗಳ, ಅವೇ ಪಾರ್ಕುಗಳ ಕಂದು ಬೋರ್ಡುಗಳು ಬಂದವು. ಎಲ್ಲೂ ನಿಲ್ಲಿಸಲಿಲ್ಲ.

ಮನೆಗೆ ಬಂದು ಮೊಟ್ಟೆಗಳನ್ನು ಅಡುಗೆಮನೆಯ ಫ್ರಿಜ್ಜಿಗೆ ತಂದಿಟ್ಟೆ. ಸೋಮವಾರ ಆಫೀಸಿನಲ್ಲಿ ಎಲ್ಲರೂ ಸುತ್ತುವರಿದರು. ಅತ್ತೆಯನ್ನು ಮೆಲ್ಬರ್ನ್‌ನಲ್ಲಿ ಬಿಟ್ಟು ಬಂದಿರಂತೆ, ಇನ್ನು ನಮ್ಮನ್ನು ಊಟಕ್ಕೆ ಕರೆಯಬಹುದಲ್ಲ ಎಂದರು. ಅವರು ಸ್ಟ್ರಿಕ್ಟ್ ಅಲ್ಲ ಎಂದು ಹೇಳಿದೆ. ಅದನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ, ಯಾವ ಶನಿವಾರ ಎಂದು ಕೇಳಿದರು. ನನಗೆ ಆ ಜನರನ್ನು ಮನೆಗೆ ಕರೆಯಲು ಇಷ್ಟವಿರಲಿಲ್ಲ, ಯಾವತ್ತೂ ಇರಲಿಲ್ಲ. ಈಗ ಕಾರಣವಾಗಿ ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲ.